ಹಗ್ಗ ಸಮೇತ ಮಾರಿದ ಗ್ರೂಪು

ಕಾಕಾನಿಗೆ ಆ ಹಸಿರು ಆ್ಯಪು ಕಲಿಸಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ಈ ವಿಷಯ ಬಂದಾಗಲೆಲ್ಲ ಯಾರು ಎಲ್ಲಿಂದ ಶುರು ಮಾಡಿದರೂ ಕಾಕು ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ. "ಕಲಿಸಿದಾಕಿ ಯಾರು, ಅದನ್ನ ಮೊದಲ ಹೇಳ್ರಿ" ಎಂದು ಆಕೆ ರೊಟ್ಟಿ ತಟ್ಟುತ್ತ ಕೇಳುತ್ತಾಳೆ. ಎಲ್ಲರೂ ನನ್ನ ಕಡೆ ನೋಡುತ್ತಾರೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಕಾಕು ಆತನ ಹೆಂಡತಿ. ಊರು ಜುಗೂಳ, ಕೃಷ್ಣಾ ಹೊಳೆಯ ದಂಡೆಗೆ. ಎರಡು ಎಕರೆ ಕಬ್ಬು, ಮೂರು ಎಮ್ಮೆ. ಆದರೆ ಆತನ ನಿಜವಾದ ಆಸ್ತಿ ಎಮ್ಮೆ ನೋಡುವ ಕಣ್ಣು. ಎಮ್ಮೆ ಕೊಳ್ಳುವವರು ಮೊದಲು ಕಾಕಾನನ್ನು ಗಾಡಿಯ ಹಿಂದೆ ಕೂಡಿಸಿಕೊಂಡು ಹೋಗಿ ತೋರಿಸುತ್ತಿದ್ದರು. ಆತ ಎಮ್ಮೆಯ ಸುತ್ತ ಒಂದು ಸುತ್ತು ಹಾಕಿ, ಬಾಲದ ಬುಡ ಮುಟ್ಟಿ, ಕಿವಿ ಹಿಂಡಿ, "ತಗೋರಿ" ಅಥವಾ "ಚಾ ಕುಡದು ಹೋಗೂಣ ನಡೀರಿ" ಎನ್ನುತ್ತಿದ್ದ. ಎರಡನೆಯದೆಂದರೆ ಆ ಎಮ್ಮೆ ಬೇಡ ಎಂದರ್ಥ. ಮಾರುವವನಿಗೂ ಸಿಟ್ಟು ಬರುತ್ತಿರಲಿಲ್ಲ, ಚಹಾ ಅವನೇ ಕುಡಿಸುತ್ತಿದ್ದ.

ಮೊಣಕಾಲು ನೋವು ಶುರುವಾಗಿ ಗಾಡಿ ಹತ್ತುವುದು ಕಷ್ಟವಾದಾಗ ನಾನು ಒಂದು ದೊಡ್ಡ ಫೋನು ತಂದುಕೊಟ್ಟೆ. ಕೂತಲ್ಲೇ ಎಮ್ಮೆ ನೋಡು ಕಾಕಾ ಎಂದೆ. 'ಎಮ್ಮಿ' ಎಂಬ ಹೆಸರಿನ ಗ್ರೂಪನ್ನೂ ನಾನೇ ಮಾಡಿ, ಆತನನ್ನೇ ಯಜಮಾನನನ್ನಾಗಿ ಮಾಡಿದೆ. ಅಥಣಿ, ರಾಯಬಾಗ, ಕುಡಚಿ, ನಿಪ್ಪಾಣಿ, ಎಲ್ಲೆಲ್ಲಿಂದಲೋ ಮಂದಿ ಸೇರಿ ಇನ್ನೂರು ದಾಟಿದರು. ಅವರು ಎಮ್ಮೆಯ ಫೋಟೋ, ವಿಡಿಯೋ ಹಾಕುವುದು, ಕಾಕಾ ದನಿಯಲ್ಲಿ ಉತ್ತರ ಕೊಡುವುದು. "ಫೋಟೋದಾಗ ಕೆಚ್ಚಲ ಭಾರಿ ತೋರಿಸೀದಿ, ಬಾಲದ ಬುಡ ಯಾಕ ತೋರಿಸಿಲ್ಲ? ನಡೀ, ಚಾ ಕುಡಿ." ಇದಕ್ಕೆ ನಲವತ್ತು ಮಂದಿ ಕೈ ಮುಗಿದ ಚಿತ್ರ ಕಳಿಸುತ್ತಿದ್ದರು.

ಎಲ್ಲ ಚೆನ್ನಾಗಿತ್ತು. ಆ ನೋಟೀಸು ಬರುವವರೆಗೆ.

ಆ್ಯಪಿನವರು ನಿಯಮ ಬದಲಿಸಿದ್ದೇವೆ, ತಿಂಗಳೊಳಗೆ ಒಪ್ಪಿರಿ ಎಂದು ಎಲ್ಲರ ಫೋನಿಗೂ ಒಂದು ಪರದೆ ಕಳಿಸಿದ್ದರು. ಬಹಳಷ್ಟು ಮಂದಿ ನೊಣ ಓಡಿಸಿದಂತೆ ಬೆರಳಾಡಿಸಿ ಒತ್ತಿ ಮುಂದೆ ಹೋದರು. ನಾನೂ ಒತ್ತಿದ್ದೆ. ಚಿಕ್ಕೋಡಿಯ ಒಂದು ಕಾಲೇಜಿನ ಆಫೀಸಿನಲ್ಲಿ ನನ್ನ ಕೆಲಸ, ಅವತ್ತು ಸೋಮವಾರ, ಕಿಟಕಿಯಾಚೆ ಅಡ್ಮಿಷನ್ನಿನ ಸಾಲು ಗೇಟಿನವರೆಗೆ ನಿಂತಿತ್ತು. ಆಗ ಕಾಕಾನ ಫೋನು.

"ಯವ್ವಾ, ಇದು ಒಪ್ಪು ಒಪ್ಪು ಅನ್ನಾಕತ್ತೈತಿ. ಏನ ಒಪ್ಪಬೇಕು?"

"ಒತ್ತಿಬಿಡು ಕಾಕಾ. ಎಲ್ಲಾರೂ ಒತ್ಯಾರ."

"ಏನ ಬರದಾರ ಓದಿ ಹೇಳು."

"ನಾಕ ಹಾಳಿ ಐತಿ. ನಾನೂ ಓದಿಲ್ಲ."

"ಓದಲಾರದ ಒತ್ತಿದಿ? ಆಫೀಸಿನ್ಯಾಗ ಹಿಂಗ ಕೆಲಸಾ ಮಾಡತಿ ಏನ?"

ಸಾಲಿನಲ್ಲಿದ್ದವರು ಕಿಟಕಿ ಕುಟ್ಟುತ್ತಿದ್ದರು. ಬೇಗ ಮುಗಿಸಬೇಕೆಂದು ನನಗೆ ಗೊತ್ತಿದ್ದಷ್ಟು ಹೇಳಿದೆ. ಈ ಆ್ಯಪು ಮಾಡಿದವರು ಅದನ್ನು ಎಷ್ಟೋ ವರ್ಷದ ಹಿಂದೆಯೇ ಒಂದು ದೊಡ್ಡ ಕಂಪನಿಗೆ ಮಾರಿದ್ದಾರೆ, ಜನ ತಮ್ಮ ಫೋಟೋ ಹಾಕಿಕೊಳ್ಳುತ್ತಾರಲ್ಲ ಆ ನೀಲಿ ಬಣ್ಣದ ಕಂಪನಿಗೆ, ಈಗ ಆ ಕಂಪನಿಯವರು ತಮ್ಮ ನಿಯಮಕ್ಕೆ ಒಪ್ಪಿಗೆ ಕೇಳುತ್ತಿದ್ದಾರೆ ಎಂದೆ.

"ಮಾರ್ಯಾರ?" ಎಂದ ಕಾಕಾ. "ನನಗ ಯಾರೂ ಹೇಳಿಲ್ಲ."

"ನಿನಗ ಯಾಕ ಹೇಳ್ತಾರ ಕಾಕಾ?"

"ಎಷ್ಟಕ್ಕ ಮಾರಿದ್ರು?"

"ನಮ್ಮ ರೂಪಾಯಿದಾಗ ಲಕ್ಷ ಕೋಟಿಗಿಂತ ಮ್ಯಾಲ."

ಆ ಕಡೆಯಿಂದ ಎಮ್ಮೆ ಕೊರಳು ಕೊಡವಿದ ಸದ್ದು ಕೇಳಿಸಿತು.

"ಹೊಲಾ ಎಷ್ಟಿತ್ತು ಅದರಾಗ?"

"ಹೊಲಾ ಇಲ್ಲ."

"ಫ್ಯಾಕ್ಟರಿ?"

"ಇಲ್ಲ. ಕೆಲಸಾ ಮಾಡವರ ಒಂದ ಬಸ್ಸಿನ್ಯಾಗ ಕೂಡೂ ಅಷ್ಟ ಮಂದಿ ಇದ್ರಂತ."

"ಮತ್ತ ಅಷ್ಟ ರೊಕ್ಕ ಯಾತಕ್ಕ ಕೊಟ್ರು?"

ಇಲ್ಲಿ ನಾನು ತಪ್ಪಿದೆ. "ನಾವು ಅದೀವಲ್ಲ ಕಾಕಾ" ಎಂದೆ. "ಎಷ್ಟ ಮಂದಿ ಇದನ್ನ ಬಳಸತೀವಿ ಅನ್ನೂದನ್ನ ನೋಡಿ ಕೊಟ್ಟಾರ."

"ನಾವು," ಎಂದ ಕಾಕಾ. "ತಲಿಗೆ ಎಷ್ಟ ಬೀಳತೈತಿ?"

ಅಷ್ಟಕ್ಕಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮಾರಿದ ಹೊತ್ತಿನಲ್ಲಿ ಪೇಪರಿನಲ್ಲಿ ಓದಿದ್ದು ತಲೆಯಲ್ಲಿ ಉಳಿದಿತ್ತು, ಎರಡೂವರೆ ಸಾವಿರದ ಆಸುಪಾಸು ಇರಬೇಕು ಎಂದೆ.

"ಅಷ್ಟಕ್ಕ ಒಂದ ಚಲೋ ಆಡಿನ ಮರಿ ಬರಂಗಿಲ್ಲ," ಎಂದು ಕಾಕಾ ಫೋನಿಟ್ಟ.

ಸಂಜೆ ಮತ್ತೆ ಫೋನು. ಮಧ್ಯಾಹ್ನವೆಲ್ಲ ಅದನ್ನೇ ಮೆಲುಕು ಹಾಕಿದ್ದ. ನಾನು ಬಸ್‌ ಸ್ಟ್ಯಾಂಡಿನಲ್ಲಿ ಒಂದು ಕೈಯಲ್ಲಿ ಕಾಯಿಪಲ್ಯದ ಚೀಲ ಹಿಡಿದು ಆತನಿಗೆ ತಿಳಿಹೇಳಿದೆ. ನೋಡು ಕಾಕಾ, ಅವರು ಮಾರಿದಾಗ ನಿನ್ನ ಗ್ರೂಪು ಇನ್ನೂ ಹುಟ್ಟಿರಲಿಲ್ಲ, ನಿನ್ನ ಕೈಯಲ್ಲಿ ಫೋನೇ ಇರಲಿಲ್ಲ, ಹಾಗಿದ್ದ ಮೇಲೆ ನಿನ್ನನ್ನು ಹೇಗೆ ಮಾರುತ್ತಾರೆ?

"ಗಬ್ಬದ ಎಮ್ಮಿ ಮಾರಿದ್ರ ಹೊಟ್ಟ್ಯಾಗಿನ ಕರಾ ಯಾರದು?" ಎಂದ.

ನಾನು ಕಾಯಿಪಲ್ಯದ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದೆ.

"ಅದಿರಲಿ. ಹಗ್ಗಾ ಇಟಗೊಂಡಾರೇನ?" ಎಂದು ಮುಂದಿನ ಪ್ರಶ್ನೆ.

ನಮ್ಮ ಕಡೆ ದನ ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಳ್ಳುವವನು ತನ್ನ ಹೊಸ ಹಗ್ಗ ತರಬೇಕು. ಮಾರಿದವನು ಹಳೆಯ ಹಗ್ಗವನ್ನು ದನದ ಕೊರಳಿಂದ ಬಿಚ್ಚಿ ಮನೆಗೆ ತಂದು ಗೂಟಕ್ಕೆ ತೂಗುಹಾಕುತ್ತಾನೆ. ದನ ಹೋದರೂ ಕೊಟ್ಟಿಗೆಯ ಏಳಿಗೆ ಹೋಗಬಾರದು ಎಂದು. ಕಾಕಾನ ಕೊಟ್ಟಿಗೆಯ ಗೋಡೆಯಲ್ಲಿ ಹಾಗೆ ಹತ್ತು ಹದಿನೈದು ಹಗ್ಗಗಳಿವೆ, ಯಾವುದು ಯಾವ ಎಮ್ಮೆಯದೆಂದು ಕತ್ತಲಲ್ಲಿ ಮುಟ್ಟಿ ಹೇಳುತ್ತಾನೆ.

"ಫೋನಿಗೆ ಎಲ್ಲಿ ಹಗ್ಗಾ ಕಾಕಾ. ಬಸ್ಸ ಬಂತು, ಇಡತೀನಿ."

"ಹಗ್ಗ ಸಮೇತ ಮಾರ್ಯಾರ ಅನ್ನು," ಎಂದಿತು ಆ ಕಡೆಯ ದನಿ.

ಬುಧವಾರ ಮಧ್ಯಾಹ್ನ ನನ್ನ ಫೋನು ಒಂದು ಸಲ ಗುಣುಗುಟ್ಟಿತು. ತೆಗೆದು ನೋಡಿದರೆ ಕಾಕಾ ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದ್ದ. ಬೆರಳು ತಪ್ಪಿ ಒತ್ತಿರಬೇಕು ಎಂದುಕೊಂಡೆ. ಮೇಲೆ ನೋಡುತ್ತ ಹೋದರೆ ನನಗಿಂತ ಮೊದಲು ಸಾಲಾಗಿ ಒಬ್ಬೊಬ್ಬರನ್ನೇ ತೆಗೆದಿದ್ದ. ಕಾಗವಾಡದ ಒಬ್ಬ ಹಿಂಡಿ ಅಂಗಡಿಯವನ ನಂತರ ನನ್ನ ಸರದಿ. ಆ ಸಾಲಿನ ತುದಿಯಲ್ಲಿ, ಎಲ್ಲರಿಗಿಂತ ಮೊದಲು ಹೊರಬಿದ್ದವರನ್ನು ನೋಡಿ ಕುರ್ಚಿಯಿಂದ ಎದ್ದು ನಿಂತೆ. ಅವರು ಬೀಗರು. ಹುಡುಗನ ತಂದೆ, ಅವನ ಚಿಕ್ಕಪ್ಪ, ಅಳಿಯನಾಗಬೇಕಾದ ಆ ಹುಡುಗ, ಒಬ್ಬರ ಹಿಂದೆ ಒಬ್ಬರು, ಮೂರೂ ಮಂದಿ.

ಬೀಗರೆಂದರೆ ಇನ್ನೂ ಆಗಬೇಕಾದವರು. ಕಾಕಾನ ಮಗಳನ್ನು, ಅಂದರೆ ನನ್ನ ತಂಗಿಯನ್ನು, ಅಥಣಿಯಿಂದ ಪೂರ್ವಕ್ಕಿರುವ ಒಂದು ಹಳ್ಳಿಗೆ ಕೊಡುವ ಮಾತಾಗಿತ್ತು. ಹುಡುಗ ಕರೆಂಟಿನ ಲೈನ್‌ಮನ್. ತಂಗಿ ನಮ್ಮೂರ ಡೇರಿಯಲ್ಲಿ ಹಾಲಿನ ಫ್ಯಾಟು ನೋಡುವ ಕೆಲಸದಲ್ಲಿದ್ದಾಳೆ. ಸಂಬಂಧ ಶುರುವಾದದ್ದೇ ಎಮ್ಮೆಯಿಂದ. ಐದಾರು ವರ್ಷದ ಹಿಂದೆ ಹುಡುಗನ ತಂದೆ ಕಾಕಾನ ಹತ್ತಿರ ಒಂದು ಎಮ್ಮೆ ಕೊಂಡಿದ್ದರು, ಅಂದಿನಿಂದ ಹೋಗಿಬರುವುದು ಬೆಳೆದು ಇಲ್ಲಿಗೆ ಬಂದಿತ್ತು. ಬರುವ ಭಾನುವಾರವೇ ಸಾಖರಪುಡಾ. ಗಂಡಿನ ಕಡೆಯವರು ಸಕ್ಕರೆಯ ಪುಡಿಕೆ ತಂದು ಹುಡುಗಿಯ ಕೈಯಲ್ಲಿಟ್ಟು ಮಾತು ಗಟ್ಟಿ ಮಾಡಿಕೊಳ್ಳುವ ದಿನ. ನಾಲ್ಕು ದಿನ ಉಳಿದಿತ್ತು.

ಕಾಕಾನಿಗೆ ಫೋನು ಹಚ್ಚಿದೆ. ಬಂದ್. ಮತ್ತೆ ಹಚ್ಚಿದೆ. ಬಂದ್. ಅಷ್ಟರಲ್ಲಿ ಬೀಗರದೇ, ಹುಡುಗನ ತಂದೆಯದೇ, ಫೋನು ನನಗೆ ಬಂತು.

"ಅಕ್ಕಾರ, ಆರಾಮ ಅದೀರಿ?" ದನಿ ಬಹಳ ಮೆತ್ತಗಿತ್ತು. ಮೆತ್ತಗಿದ್ದದ್ದೇ ನನಗೆ ಹೆದರಿಕೆ. "ನಿಮ್ಮ ಕಾಕಾರು ನಮ್ಮನ್ನ ಹೊರಗ ಹಾಕ್ಯಾರ ನೋಡ್ರಿ."

"ಅದು ಏನೋ ತಪ್ಪಿಲೆ ಆಗೈತ್ರಿ."

"ತಪ್ಪಿಲೆ ಒಬ್ಬಾಂವ ಹೋಗತಾನ್ರಿ. ಮೂರೂ ಮಂದಿನ್ನ ಹುಡಿಕಿ ಹುಡಿಕಿ ತಗದಾರ. ಎಲ್ಲಾರಗಿಂತ ಮೊದಲ. ಇನ್ನೂರ ಮಂದಿ ನೋಡ್ಯಾರ. ನಮ್ಮ ಊರವರ ಎಂಟ ಮಂದಿ ಅದಾರ ಅದರಾಗ, ಅವರು ಬಂದು ಕೇಳತಾರ, ಏನ ಮುರೀತೇನ ಅಂತ."

"ನಾ ಕಾಕಾಗ ಕೇಳಿ ಹೇಳ್ತೀನ್ರಿ."

"ಏನ ಕೇಳೂದೈತ್ರಿ. ಬ್ಯಾಡಾಗಿತ್ತಂದ್ರ ಬಂದು ಹೇಳಬೇಕಿತ್ತು. ನಾವೂ ಚಾ ಕುಡಿಸಿ ಕಳಸತಿದ್ವಿ. ಐತವಾರ ನಾವು ಬರೂದಿಲ್ರಿ."

ಅವರು ಫೋನಿಟ್ಟ ಮೇಲೆ ನಾನು ಸುಮ್ಮನೆ ಆ ಹಸಿರು ಗುರುತನ್ನೇ ನೋಡುತ್ತ ಕೂತೆ. ಲಕ್ಷ ಕೋಟಿ ಕೊಟ್ಟು ಕೊಂಡವರಿಗೆ ಒಬ್ಬನನ್ನು ಸದ್ದಿಲ್ಲದೆ ಹೊರಗೆ ಕಳಿಸುವ ಒಂದು ಹಿತ್ತಿಲ ಬಾಗಿಲು ಇಡಲು ಆಗಲಿಲ್ಲವೇ ಎಂದು ರೇಗಿತು. ಇಂಥವರು ಇಂಥವರನ್ನು ತೆಗೆದರು ಎಂದು ಊರಿಗೆಲ್ಲ ಡಂಗುರ ಯಾಕೆ?

ಗುರುವಾರ ರಜೆ ಹಾಕಿದೆ. ಚಿಕ್ಕೋಡಿಯಿಂದ ಕಾಗವಾಡದ ಬಸ್ಸು, ಅಲ್ಲಿಂದ ಇನ್ನೊಂದು ಗಾಡಿ. ದಾರಿಯುದ್ದಕ್ಕೂ ಪಕ್ಕದವನು ಅದೇ ಆ್ಯಪಿನಲ್ಲಿ ಬಂದ ವಿಡಿಯೋಗಳನ್ನು ಜೋರಾಗಿ ಹಾಕಿಕೊಂಡು ಕೂತಿದ್ದ. ಇವನನ್ನೂ ಹಗ್ಗ ಸಮೇತ ಮಾರಿದ್ದಾರೆ, ಇವನಿಗೆ ಗೊತ್ತಿಲ್ಲ ಎಂದು ಅನ್ನಿಸಿ, ಕಾಕಾನ ಮಾತು ನನ್ನ ತಲೆಯಲ್ಲೂ ಹೊಕ್ಕಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಮನೆ ಮುಟ್ಟಿದಾಗ ಕಾಕಾ ಕಟ್ಟೆಯ ಮೇಲೆ ಕನ್ನಡಕ ಹಾಕಿಕೊಂಡು ಕೂತಿದ್ದ. ತೊಡೆಯ ಮೇಲೆ ಇನ್ನೂರು ಪುಟದ ಒಂದು ನೋಟುಬುಕ್ಕು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದವನ ಸಮಾಧಾನ. ಕಾಕು ಒಳಗಿನಿಂದಲೇ ಸ್ವಾಗತ ಮಾಡಿದಳು.

"ಬಾರವ್ವಾ ಬಾ. ಎರಡ ದಿನಾ ಆತು, ನಿಮ್ಮ ಕಾಕಾರು ಕಟ್ಟಿ ಮ್ಯಾಲ ಕುಂತು ಮಂದೀನ್ನ ಬಿಚ್ಚಾಕತ್ತಾರ. ಎಮ್ಮಿ ಹಿಂಡಾಕ ಎದ್ದಿಲ್ಲ. ನೀ ಕಲಿಸಿದ್ದಲ್ಲ ಇದು?"

ತಂಗಿ ಹೊಸ್ತಿಲಲ್ಲಿ ನಿಂತು ಅಪ್ಪನ ಬೆನ್ನನ್ನು ನೋಡುತ್ತಿದ್ದಳು. ಅಪ್ಪನೊಡನೆ ಮಾತು ಬಿಟ್ಟು ಒಂದು ದಿನವಾಗಿತ್ತು.

"ಕಾಕಾ, ಏನ ಮಾಡಿದಿ ಇದು?" ಎಂದೆ.

"ಹಗ್ಗಾ ಬಿಚಗೊಂಡೆ," ಎಂದು ನೋಟುಬುಕ್ಕು ತಟ್ಟಿದ. "ಒಬ್ಬೊಬ್ಬರ ನಂಬರ ಇದರಾಗ ಬರಕೊಂಡು, ಅವರನ್ನ ಅದರಾಗಿಂದ ತಗದೆ. ಈಗ ಬರೇ ಕೊಟ್ಟಗಿ ಐತಿ ಅಲ್ಲಿ. ಇಟಗೋಳ್ರಪಾ ಅಂತ ಹೇಳಿ ಆ್ಯಪನೂ ತಗದ ಹಾಕಿ ಫೋನ ಬಂದ್ ಮಾಡೀನಿ. ಮಂದಿ ನನ್ನವರು, ಅವರು ಹೆಂಗ ಮಾರತಾರ?"

"ಬೀಗರನ್ನ ಯಾಕ ತಗದಿ?"

"ಎಲ್ಲಾರನ್ನೂ ತಗದೀನಿ. ನಿನ್ನನ್ನೂ ತಗದೀನಿ."

"ಅವರನ್ನ ಯಾಕ ಮೊದಲ ತಗದಿ?"

ಕಾಕಾ ನನ್ನನ್ನು ಇದೇನು ಕೇಳುತ್ತಾಳೆ ಎನ್ನುವಂತೆ ನೋಡಿದ. "ಹೊಳಿ ಬಂದಾಗ ಯಾವ ದನಾ ಮೊದಲ ಬಿಚ್ಚತಾರ?"

ನಾನು ಹೊಳೆದಂಡೆಯ ಮನೆಯಲ್ಲಿ ಬೆಳೆದವಳು. ಹೊಳೆ ಏರಿ ಹಿತ್ತಿಲಿಗೆ ನೀರು ಬಂದಾಗ ದನಗಳನ್ನು ದಿಬ್ಬಕ್ಕೆ ಸಾಗಿಸಬೇಕು, ಒಂದೇ ಸಲ ಎಲ್ಲವನ್ನೂ ಬಿಚ್ಚಲು ಆಗುವುದಿಲ್ಲ. ಮನೆಯವರಿಗೆ ಯಾವುದರ ಮೇಲೆ ಜೀವವೋ ಅದರ ಕೊರಳಿಗೆ ಮೊದಲು ಕೈ ಹೋಗುತ್ತದೆ. ಯಾವುದನ್ನು ಮೊದಲು ಬಿಚ್ಚಿದರು ಎಂಬುದನ್ನು ನೋಡಿಯೇ ಆ ಮನೆಯಲ್ಲಿ ಯಾವುದಕ್ಕೆ ಎಷ್ಟು ಬೆಲೆಯೆಂದು ನಮ್ಮೂರವರು ತಿಳಿದುಕೊಳ್ಳುತ್ತಾರೆ. ಕಾಕಾ ಬೀಗರಿಗೆ ತನ್ನ ಕೈಲಾದ ಅತಿ ದೊಡ್ಡ ಮರ್ಯಾದೆ ಮಾಡಿದ್ದ.

"ಅವರ ಊರಾಗ ಹೊಳೀನ ಇಲ್ಲಲ್ಲ ಕಾಕಾ," ಎಂದೆ. ಅಳುವುದೋ ನಗುವುದೋ ತಿಳಿಯಲಿಲ್ಲ. "ಕುಡಿಯೂ ನೀರಿಗೆ ಟ್ಯಾಂಕರ್ ಬರತೈತಿ. ಅವರಿಗೇನ ಗೊತ್ತ ಇದು? ಸಂಬಂಧ ಬ್ಯಾಡಂತ ತಿಳಕೊಂಡಾರ. ಐತವಾರ ಬರೂದಿಲ್ಲಂತ."

ಕಾಕಾನ ಮುಖ ಇಳಿಯಿತು. ಕನ್ನಡಕ ತೆಗೆದು ಧೋತರದ ಚುಂಗಿನಲ್ಲಿ ಒರೆಸಿದ, ಅದಕ್ಕೆ ಒರೆಸುವಂಥದ್ದೇನೂ ಇರಲಿಲ್ಲ.

ಆಗ ತಂಗಿ ಬಾಯಿ ತೆರೆದಳು. "ರಾಯಬಾಗದ ಕಡೆದೊಂದ ಹುಡುಗಿ ಫೋಟೋ ಬಂದೈತಂತ ಅವರ ಮನಿಗೆ. ನಿನ್ನೆ ಸಂಜೀಕ. ಅವರ ಹೇಳಿದ್ರು." ಅವರ ಎಂದರೆ ಹುಡುಗ. "ನಿನ್ನ ಹಗ್ಗಾ ನಿನ್ನ ಕಡೆ ಭದ್ರ ಇಟಗೋ ಅಪ್ಪಾ. ಮಗಳೂ ಅದ ಗೂಟಕ್ಕ ಇರ್ತಾಳ."

ಇಷ್ಟು ಹೇಳಿ ಡೇರಿಯ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಹೋದಳು. ಕಾಕು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದ್ದಳು. ಆ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತರೆ ಅದಕ್ಕಿಂತ ಕೆಟ್ಟ ಸೂಚನೆಯಿಲ್ಲ.

"ಫೋನ ಮಾಡಿ ಹೇಳು ಕಾಕಾ," ಎಂದೆ.

"ಎದರಾಬದರಾ ಕುಂತು ಹೇಳೂ ಮಾತಿದು."

ಅದೊಂದು ಮಾತನ್ನಾದರೂ ಸರಿಯಾಗಿ ಹೇಳಿದ.

ಶುಕ್ರವಾರ ಮತ್ತೊಂದು ರಜೆ. ಕಾಕಾ ಚೀಲದಲ್ಲಿ ನೋಟುಬುಕ್ಕು ಹಾಕಿಕೊಂಡ, ಆಮೇಲೆ ಕೊಟ್ಟಿಗೆಗೆ ಹೋಗಿ ಗೋಡೆಯಿಂದ ಒಂದು ಹಳೆಯ ಹಗ್ಗ ತಂದು ಅದನ್ನೂ ತುರುಕಿದ. ಅದೇಕೆ ಎಂದರೆ ಸುಮ್ಮನೆ ನಡಿ ಎಂದ. ಅಥಣಿಯವರೆಗೆ ಬಸ್ಸು, ಅಲ್ಲಿಂದ ಒಂದು ಟಂಟಂ ಆಟೋ. ದಾರಿಯಲ್ಲಿ ಕಬ್ಬು ಮುಗಿದು ಜೋಳ ಬಂತು, ಜೋಳ ಮುಗಿದು ಕಲ್ಲು ಬಂತು. ನಾನು ನೋಟುಬುಕ್ಕು ತೆಗೆದು ನೋಡೋಣವೆಂದರೆ ಕಾಕಾ ಚೀಲ ಬಿಡಲಿಲ್ಲ.

ಬೀಗರ ಅಂಗಳದಲ್ಲಿ ಮೊದಲು ನಮ್ಮನ್ನು ಕಂಡದ್ದು ಎಮ್ಮೆ. ಕಾಕಾ ಮಾರಿದ ಎಮ್ಮೆಯೇ. ಕಿವಿ ಎತ್ತಿ, ಕುತ್ತಿಗೆ ಚಾಚಿ, ಒಂದು ಸಲ ಕೂಗಿತು. ಮನೆಯ ಮಂದಿಗಿಂತ ಅದೇ ವಾಸಿ.

ಹುಡುಗನ ತಂದೆ ಹೊರಗೆ ಬಂದರು. "ಬರ್ರಿ. ಕೂಡ್ರಿ," ಎಂದರು. ಚಾಪೆ ಹಾಸಿದರು, ತಂಬಿಗೆಯಲ್ಲಿ ನೀರು ಬಂತು. ನೀರಾದ ಮೇಲೆ ಬರಬೇಕಾದದ್ದು ಬರಲಿಲ್ಲ. ಒಲೆಯ ಕಡೆಯಿಂದ ಚಹಾದ ಕಪ್ಪು-ಬಸಿಯ ಸದ್ದಿಲ್ಲ. ಬೀಗರ ಮನೆಯಲ್ಲಿ ಚಹಾ ಬರದೆ ಕೂಡುವುದು ಎಂಥದೆಂದು ಕೂತವರಿಗೇ ಗೊತ್ತು. ಮೂಲೆಯಲ್ಲಿ ಹುಡುಗನ ಆಯಿ, ಎಂಬತ್ತು ದಾಟಿದ ಅಜ್ಜಿ, ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎಲ್ಲವನ್ನೂ ನೋಡುತ್ತಿದ್ದಳು.

ಕಾಕಾ ಹೇಳಲು ಶುರುಮಾಡಿದ. ಎಷ್ಟು ಕೆಟ್ಟದಾಗಿ ಹೇಳಿದನೆಂದರೆ, ನೀಲಿ ಕಂಪನಿ, ಲಕ್ಷ ಕೋಟಿ, ಆಡಿನ ಮರಿ, ಗಬ್ಬದ ಎಮ್ಮೆ ಎಲ್ಲ ಕಲಸಿಹೋಗಿ, ಬೀಗರು ನನ್ನ ಕಡೆ ತಿರುಗಿ ಮೆಲ್ಲಗೆ, "ಕಾಕಾರಿಗೆ ಆರಾಮ ಐತಿಲ್ರಿ?" ಎಂದು ಕೇಳಿದರು.

ನಾನು ಹೊಳೆಯ ವಿಷಯ ಬಿಡಿಸಿ ಹೇಳಿದೆ. ನೀರು ಬಂದಾಗ ಜೀವದ ದನವನ್ನು ಮೊದಲು ಬಿಚ್ಚುತ್ತೇವೆ ಎಂದೆ.

ಬೀಗರು ತಲೆ ಅಲ್ಲಾಡಿಸಿದರು. "ನಮ್ಮ ಕಡೆ ಹಂಗಲ್ರಿ," ಎಂದರು. "ಮಳಿ ಹೋಗಿ ಮೇವ ಮುಗದಾಗ ದನಾ ಬಿಚ್ಚತೀವಿ. ಎಲ್ಲರೆ ಹೋಗಿ ಬದಕ್ರಿ ಅಂತ ಬಿಡತೀವಿ. ಮೊದಲ ಬಿಚ್ಚೂದು ಯಾವದು ಗೊತ್ತೇನ್ರಿ? ಕೆಲಸಕ್ಕ ಬರಲಾರದ್ದು."

ಐವತ್ತು ಅರವತ್ತು ಕಿಲೋಮೀಟರಿನ ಅಂತರದಲ್ಲಿ ಬಿಚ್ಚುವುದೆಂದರೆ ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ. ನಡುವೆ ನನ್ನ ತಂಗಿಯ ಸಕ್ಕರೆ ಪುಡಿಕೆ.

ಆಗ ಕಾಕಾ ಚೀಲದಿಂದ ಹಗ್ಗ ತೆಗೆದು ಚಾಪೆಯ ಮೇಲಿಟ್ಟ.

"ಇದು ಯಾವದು ಗುರತ ಹಿಡಿತೀರಿ? ಅಂಗಳದಾಗಿನ ಎಮ್ಮಿದು. ನೀವು ಹೊಸಾ ಹಗ್ಗಾ ತಂದಿದ್ರಿ, ನಾ ಇದನ್ನ ಇಟಗೊಂಡಿದ್ದೆ. ಅವತ್ತ ನೀವು ಸಿಟ್ಟ ಮಾಡಿದ್ರೇನು?"

"ಯಾಕ ಮಾಡೂಣ್ರಿ. ಹಗ್ಗಾ ಯಾರರೆ ಕೊಡತಾರೇನ?"

"ಅವರು ಕೊಟ್ಟಾರ," ಎಂದ ಕಾಕಾ. "ನಿಮ್ಮನ್ನ, ನನ್ನ, ಎಲ್ಲಾರನ್ನೂ ಹಗ್ಗ ಸಮೇತ ಕೊಟ್ಟಾರ. ನಾ ಹೋಗಿ ಬಿಚಗೊಂಡ ಬಂದೆ. ತಪ್ಪಾತು. ಬಿಚ್ಚೂಕಿಂತ ಮೊದಲ ನಿಮಗೊಂದ ಮಾತ ಕೇಳಬೇಕಿತ್ತು."

ಮೂಲೆಯಿಂದ ಆಯಿ ಮೊದಲ ಸಲ ಮಾತಾಡಿದಳು. "ಆ ಪುಸ್ತಕ ಏನ ಅದು, ಚೀಲದಾಗ ಇಣಕಾಕತ್ತೈತಿ?"

ಬಿಚ್ಚಿಕೊಂಡವರ ಪಟ್ಟಿ ಎಂದೆ.

"ಓದ ನೋಡೂಣು. ಮೊದಲನೇದ ಓದು."

ಕಾಕಾ ತಡೆಯಲು ಕೈ ಚಾಚಿದ, ನಾನು ಅಷ್ಟರಲ್ಲಿ ತೆರೆದಿದ್ದೆ. ಕಾಕಾ ನಂಬರುಗಳ ಮುಂದೆ ಯಾರ ಹೆಸರನ್ನೂ ಬರೆದಿರಲಿಲ್ಲ. ಆತ ಮಂದಿಯನ್ನು ನೆನಪಿಡುವುದು ಅವರ ಎಮ್ಮೆಯಿಂದ. 'ಕುಡಚಿ, ಹಣಿ ಮ್ಯಾಲ ಚುಕ್ಕಿ.' 'ರಾಯಬಾಗ, ಒಂದ ಕೋಡ ಮುರದದ್ದು.' 'ನಿಪ್ಪಾಣಿ, ಒದೀತೈತಿ.' ಪುಟದ ಮೊದಲ ಸಾಲು ಬೀಗರ ನಂಬರು. ಅದರ ಮುಂದೆ ಕಾಕಾನ ಡೊಂಕು ಅಕ್ಷರದಲ್ಲಿ ಬರೆದದ್ದನ್ನು ಓದಿದೆ.

"'ನಮ್ಮ ಎಮ್ಮಿ ಇರೂ ಮನಿ. ನಮ್ಮ ಮಗಳ ಇರೂ ಮನಿ.'"

ಕಾಕಾ ಅಂಗಳದ ಎಮ್ಮೆಯ ಕಡೆ ನೋಡುತ್ತಿದ್ದ. ಬೀಗರು ಹಗ್ಗ ಎತ್ತಿ ಕೈಯಲ್ಲಿ ಸುತ್ತಿ ಮತ್ತೆ ಕೆಳಗಿಟ್ಟರು.

"ಆಗಲ್ರಿ," ಎಂದರು ಕೊನೆಗೆ. "ಮನಸಿನಾಗ ಇತ್ತು, ಗೊತ್ತಾತು. ಆದ್ರ ತಗದಿದ್ದು ಇನ್ನೂರ ಮಂದಿ ಮುಂದ. ಇದನ್ನ ಅವರ್ಯಾರೂ ಓದಂಗಿಲ್ಲ. ನಮ್ಮೂರಾಗ ನಾ ಒಬ್ಬೊಬ್ಬರಿಗೆ ಹಿಡಿದು ಹೊಳಿ ಕತಿ ಹೇಳಾಕ ಆಗೂದಿಲ್ಲ. ಹೊರಗ ಹಾಕಿದಲ್ಲೇ ಒಳಗ ತಗೋರಿ. ಮೊದಲ ನಮ್ಮನ್ನ. ಅವರೂ ನೋಡಲಿ."

ನ್ಯಾಯದ ಮಾತು. ಆದರೆ ಒಳಗೆ ತೆಗೆದುಕೊಳ್ಳಬೇಕೆಂದರೆ ಕಾಕಾನ ಫೋನಿನಲ್ಲಿ ಆ್ಯಪು ಮತ್ತೆ ಬರಬೇಕು. ಬರಬೇಕೆಂದರೆ ಆ ಪರದೆ ಮತ್ತೆ ಕೇಳುತ್ತದೆ. ಕಾಕಾ ಒಪ್ಪಬೇಕು.

ನಾನು ಕಾಕಾನ ಫೋನು ಚಾಲೂ ಮಾಡಿ ಆ್ಯಪು ಇಳಿಸಲು ಹಾಕಿದೆ. ಆ ಊರಿನ ನೆಟ್‌ವರ್ಕು ಆ ಊರಿನ ನೀರಿನ ಹಾಗೆಯೇ, ಹನಿ ಹನಿ. ಮಾಳಿಗೆಯ ಮೆಟ್ಟಿಲ ಮೇಲೆ ನಿಂತರೆ ಬರುತ್ತದೆ ಎಂದರು, ಅಲ್ಲಿ ನಿಂತೆ. ನೀರಿನ ಟಾಕಿಯ ಹತ್ತಿರ ಎಂದರು, ಅಲ್ಲಿಗೂ ಹೋದೆ. ಬಿಸಿಲಲ್ಲಿ ಕೈ ಎತ್ತಿ ನಿಂತ ನನ್ನನ್ನು ಬೀಗರ ಮನೆಯ ಕೋಳಿಗಳು ಸಹ ನಿಂತು ನೋಡಿದವು. ಜಗತ್ತಿನ ಯಾವುದೋ ಮೂಲೆಯಲ್ಲಿ ಇಬ್ಬರು ಕೂತು ಕೊಟ್ಟು ತೆಗೆದುಕೊಂಡರೆ, ಅದರ ಬಿಸಿಲನ್ನು ನಾನು ಅಥಣಿ ತಾಲ್ಲೂಕಿನಲ್ಲಿ ನಿಂತು ತಡೆದುಕೊಳ್ಳಬೇಕು.

ಕೊನೆಗೂ ಬಂತು. 'ಒಪ್ಪಿ ಮುಂದುವರಿಯಿರಿ' ಎಂದಿತು. ನಾನೇ ಒತ್ತಿಬಿಡಬಹುದಿತ್ತು. ಎರಡು ರಜೆ ಹೋಗಿದ್ದವು, ತಲೆ ಸಿಡಿಯುತ್ತಿತ್ತು, ಒತ್ತಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೂ ಒಳಗೆ ಹೋಗಿ ಕಾಕಾನ ಮುಂದೆ ಫೋನು ಹಿಡಿದೆ.

ಆತ ಬಹಳ ಹೊತ್ತು ಅದನ್ನೇ ನೋಡಿದ. "ಇದನ್ನ ಒತ್ತಿದ್ರ ಮಾರಿದ್ದಕ್ಕ ನಾನೂ ಹೂಂ ಅಂದಂಗ?"

"ನಮ್ಮ ಮಾತ ಅವರು ಓದೂದಿಲ್ಲ ಅಂತ ಹೇಳ್ಯಾರ ಕಾಕಾ."

"ನಾ ಅದನ್ನ ಕೇಳಲಿಲ್ಲ."

"ಹೂಂ ಅಂದಂಗ ಕಾಕಾ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಕಾಕಾ ಬೀಗರ ಕಡೆ ನೋಡಿದ, ಆಯಿಯ ಕಡೆ ನೋಡಿದ. ಆಮೇಲೆ ನೋಟುಬುಕ್ಕನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯ ಹೆಬ್ಬೆರಳನ್ನು ಧೋತರಕ್ಕೆ ಒರೆಸಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನಂತೆ ಒತ್ತಿ ಹಿಡಿದ. ಅಷ್ಟು ಒತ್ತುವುದು ಬೇಕಿರಲಿಲ್ಲ.

"ಮಗಳ ಸಲುವಾಗಿ," ಎಂದ. ನನಗೋ, ಫೋನಿಗೋ.

ಗ್ರೂಪು ಹಾಗೆಯೇ ಇತ್ತು, ಒಳಗೆ ಕಾಕಾ ಒಬ್ಬನೇ. ನಾನು ಬೀಗರನ್ನು ಸೇರಿಸಿದೆ. ಅವರ ಅಂಗಿಯ ಜೇಬಿನಲ್ಲಿ ಫೋನು ಟಿಂಗ್ ಎಂದಿತು. ತೆಗೆದು, ದೂರ ಹಿಡಿದು, ಎರಡು ಸಲ ಓದಿದರು. ಆಮೇಲೆ ಅವರ ತಮ್ಮನನ್ನು ಸೇರಿಸಿದೆ, ಅಳಿಯನನ್ನು ಸೇರಿಸಿದೆ, ಅವರ ಊರಿನ ಎಂಟು ಮಂದಿಯನ್ನೂ ಅಲ್ಲೇ ಕೂತು ಸೇರಿಸಿದೆ. ಆಯಿ ಅಡುಗೆಮನೆಯ ಕಡೆ ತಿರುಗಿ, "ಏ, ಚಾ ಇಡ್ರಿ. ಮಂದಿ ಮುಂಜಾನಿಂದ ಬರೇ ನೀರ ಕುಡದಾರ," ಎಂದಳು. ಕಪ್ಪು-ಬಸಿಯ ಸದ್ದು ಕೇಳಿಸಿತು. ನನ್ನ ಜೀವಮಾನದಲ್ಲಿ ಅಷ್ಟು ಇಂಪಾದ ಸದ್ದು ಕೇಳಿಲ್ಲ.

ಹೊರಡುವಾಗ ಕಾಕಾ ಹಗ್ಗವನ್ನು ಚಾಪೆಯ ಮೇಲೆ ಮರೆತಿದ್ದ. ಆಯಿ ಕೂಗಿ ಕರೆದು ಕೊಡಿಸಿದಳು. "ಇದನ್ನ ನಮ್ಮ ಮನ್ಯಾಗ ಬಿಡಬ್ಯಾಡ್ರಿ. ನಿಮ್ಮ ಗೂಟಕ್ಕ ಇರಲಿ."

ಭಾನುವಾರ ಸಕ್ಕರೆ ಪುಡಿಕೆ ಬಂತು. ತಂಗಿ ಅಪ್ಪನೊಡನೆ ಮಾತು ಶುರುಮಾಡಿದಳು, ಮೊದಲ ಮಾತು ಎರಡು ದಿನ ಎಮ್ಮೆ ಹಿಂಡದ್ದಕ್ಕೆ ಬೈಗುಳ. ಕಾಕು ಮಾತ್ರ ಇಷ್ಟೆಲ್ಲಕ್ಕೂ ಕಾರಣ ಯಾರು ಎಂದು ಬೀಗರ ಹೆಂಗಸರಿಗೆಲ್ಲ ತಿಳಿಸಿ ಹೇಳಿದಳು.

ಉಳಿದ ಮಂದಿಯನ್ನು ಮರಳಿ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಂಬರು ಇದ್ದರೂ ಹೆಸರಿಲ್ಲ, ಕೆಲವು ನಂಬರುಗಳಲ್ಲಿ ಒಂದು ಅಂಕಿ ಕಮ್ಮಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆಫೀಸಿನ ವರಾಂಡದಲ್ಲಿ ನಿಂತು, ಗುರುತಿಲ್ಲದವರಿಗೆ ಫೋನು ಮಾಡಿ, "ನಿಮ್ಮ ಎಮ್ಮಿಗೆ ಒಂದ ಕೋಡ ಮುರದೈತೇನ್ರಿ?" ಎಂದು ಕೇಳುತ್ತೇನೆ. ಕೆಲವರು ಬೈದು ಇಡುತ್ತಾರೆ. ನೋಟುಬುಕ್ಕು ಮಾತ್ರ ಕೆಲಸ ಮುಗಿದೊಡನೆ ಜುಗೂಳಕ್ಕೆ ಹೋಗಬೇಕು, ಕೊಟ್ಟಿಗೆಯ ಗೋಡೆಯಲ್ಲಿ ಅದಕ್ಕೆಂದೇ ಕಾಕಾ ಒಂದು ಗೂಟ ಬಡಿದಿಟ್ಟಿದ್ದಾನೆ.

ಮೊನ್ನೆ ಎರಡನೇ ಪುಟಕ್ಕೆ ಬಂದೆ. ಕಾಗವಾಡದ ಹಿಂಡಿ ಅಂಗಡಿಯವನ ಕೆಳಗೆ ನನ್ನ ನಂಬರು ಇತ್ತು. ನನಗೆ ಎಮ್ಮೆಯಿಲ್ಲ, ನನ್ನನ್ನು ಏನೆಂದು ಗುರುತಿಟ್ಟಿರಬಹುದು ಎಂದು ನೋಡಿದೆ.

'ಚಿಕ್ಕೋಡಿ. ಎಮ್ಮಿ ಇಲ್ಲ. ಬರೇ ಸಿಟ್ಟು. ಕರದ್ರ ಬರತಾಳ.'